ರಾಗಿಯ ತವರಿಗೆ ಹಸಿವಿನ ಚೌಕಟ್ಟು

ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ 'ಆಫ್ರಿಕಾ ಪ್ರಜೆ ಬಂಧನ' ಎಂಬ ತಲೆಬರಹ ಎಷ್ಟು ಮಾಮೂಲಾಗಿದೆಯೆಂದರೆ ಅದರೊಳಗಿನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆಫ್ರಿಕಾ ಒಂದು ದೇಶವಲ್ಲ, ಅದಕ್ಕೆ ಪ್ರಜೆಗಳೂ ಇಲ್ಲ. ವಿಶ್ವಸಂಸ್ಥೆಯ ಸದಸ್ಯರಾದ 54 ದೇಶಗಳು ಆ ಖಂಡದಲ್ಲಿವೆ. ಚೀನಾದವನನ್ನು ಚೀನಾದವನೆಂದೇ ಬರೆಯುವ, 'ಏಷ್ಯಾ ಪ್ರಜೆ' ಎಂದು ಎಂದೂ ಬರೆಯದ ಸುದ್ದಿಮನೆಗಳು ನೈಜೀರಿಯ, ಕಾಂಗೊ, ಸುಡಾನ್‌ಗಳನ್ನು ಮಾತ್ರ ಒಂದೇ ಮೂಟೆಗೆ ತುಂಬುತ್ತವೆ.

ಈ ಮೂಟೆ ಕಟ್ಟುವ ಅಭ್ಯಾಸ ಬೀದಿಗೂ ಇಳಿಯುತ್ತದೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಮಹಿಳೆಯೊಬ್ಬರು ಸತ್ತರು. ಸುಮಾರು ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿ ಮತ್ತು ಅವಳ ಗೆಳೆಯರ ಮೇಲೆ ಗುಂಪು ಮುಗಿಬಿತ್ತು, ಅವರ ಕಾರಿಗೆ ಬೆಂಕಿ ಇಟ್ಟಿತು. ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಚರ್ಮದ ಬಣ್ಣವೊಂದೇ ಗುಂಪಿಗೆ ಸಾಕಾಯಿತು.

ಸಿನಿಮಾದ ಪಾಲೂ ಇದರಲ್ಲಿದೆ. ದ್ವಾರಕೀಶ್ ನಿರ್ದೇಶನದ 'ಆಫ್ರಿಕಾದಲ್ಲಿ ಶೀಲಾ' 1986ರಲ್ಲಿ ತೆರೆಗೆ ಬಂತು. ಚರಣ್‌ರಾಜ್, ಸಾಹಿಲಾ ನಟಿಸಿದ ಈ ಚಿತ್ರಕ್ಕೆ 1984ರ ಹಾಲಿವುಡ್ ಚಿತ್ರ 'ಶೀನಾ' ಪ್ರೇರಣೆ. ಕನ್ನಡ ಚಿತ್ರತಂಡ ಕಡಲು ದಾಟಿ ಆಫ್ರಿಕಾದ ಕಾಡಿನವರೆಗೂ ಹೋದದ್ದು ಸಣ್ಣ ಸಾಹಸವಲ್ಲ. ಆದರೆ ಕಥೆ ಮಾತ್ರ ಟಾರ್ಜನ್ ಕಾಲದ್ದು. ಆ ಬಗೆಯ ಕಥೆಗಳಲ್ಲಿ ಕಾಡು, ಮೃಗಗಳು ಮತ್ತು ಹೊರಗಿನಿಂದ ಬಂದ ನಾಯಕ–ನಾಯಕಿಗೆ ಮುಂದಿನ ಸಾಲು. ಆ ನೆಲದ ಜನಕ್ಕೆ ಭರ್ಜಿ, ತಮಟೆ ಹಿಡಿದು ಹಿಂದೆ ನಿಲ್ಲುವ ಕೆಲಸ. ಕೀನ್ಯಾದ ಜನ 2007ರಲ್ಲೇ ಎಂ-ಪೆಸಾ ಮೂಲಕ ಸಾಧಾರಣ ಮೊಬೈಲಿನಲ್ಲಿ ಹಣ ಕಳಿಸತೊಡಗಿದರು. ಭಾರತದಲ್ಲಿ ಯುಪಿಐ ಬಂದದ್ದು 2016ರಲ್ಲಿ. ಈ ಆಫ್ರಿಕಾ ಇಲ್ಲಿನ ತೆರೆಗೆ ಬಂದೇ ಇಲ್ಲ.

ಹಸಿವಿನ ಚಿತ್ರದ ಕಥೆ ಇನ್ನೂ ಆಳವಾದದ್ದು. 1984ರ ಅಕ್ಟೋಬರ್ 23ರಂದು ಇಥಿಯೋಪಿಯದ ಕೋರೆಮ್ ಶಿಬಿರದ ದೃಶ್ಯಗಳನ್ನು ಬಿಬಿಸಿ ಬಿತ್ತರಿಸಿತು. ವರದಿ ಮೈಕೆಲ್ ಬ್ಯೂರ್ಕ್ ಅವರದು, ಕ್ಯಾಮೆರಾ ಹಿಡಿದವರು ಕೀನ್ಯಾದ ಮೊಹಮದ್ ಅಮೀನ್. ಆ ದೃಶ್ಯಗಳಿಂದ ನೆರವು ಹರಿದುಬಂತು, ಜೀವಗಳು ಉಳಿದವು, ಅದನ್ನು ಅಲ್ಲಗಳೆಯಲಾಗದು. ಆದರೆ ಮಳೆ ಕೈಕೊಟ್ಟದ್ದು ಕಂಡಷ್ಟು, ಅಂತರ್ಯುದ್ಧವೂ ಬಂಡುಕೋರ ಪ್ರದೇಶಗಳಿಗೆ ಧಾನ್ಯ ತಡೆದ ಸೈನಿಕ ಸರ್ಕಾರವೂ ಕಾಣಲಿಲ್ಲ. 1993ರಲ್ಲಿ ಸುಡಾನಿನಲ್ಲಿ ಕೆವಿನ್ ಕಾರ್ಟರ್ ತೆಗೆದ, ಕುಸಿದ ಮಗು ಮತ್ತು ಅದರ ಹಿಂದೆ ಕೂತ ರಣಹದ್ದಿನ ಫೋಟೊಗೆ ಮರುವರ್ಷ ಪುಲಿಟ್ಜರ್ ಬಂತು. ಆಹಾರ ಹಂಚುವ ಕೇಂದ್ರ ಅಲ್ಲೇ ಹತ್ತಿರದಲ್ಲಿತ್ತು. ಅದು ಚೌಕಟ್ಟಿನ ಹೊರಗೆ ಉಳಿಯಿತು.

ಚೌಕಟ್ಟಿನ ಹೊರಗೆ ಉಳಿಯುವುದೆಂದರೆ ಏನೆಂದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂಥ ಊರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಎಂದೊಡನೆ ಬೇಸಿಗೆಯ ಪುಟಗಳಲ್ಲಿ ಬರುವುದು ಒಂದೇ ಚಿತ್ರ: ಬಿರುಕು ಬಿಟ್ಟ ಕೆರೆ ಅಂಗಳ, ನಡುವೆ ಖಾಲಿ ಕೊಡ ಹೊತ್ತ ಹೆಂಗಸು. ಕೆರೆಗೆ ನೀರು ತರುತ್ತಿದ್ದ ರಾಜಕಾಲುವೆ ಒತ್ತುವರಿಯಾದದ್ದು, ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಸಾಲ ಆ ಫೋಟೊದಲ್ಲಿ ಇರುವುದಿಲ್ಲ. ನಸುಕಿನಲ್ಲಿ ಡೇರಿ ಮುಂದೆ ಕ್ಯಾನು ಹಿಡಿದು ನಿಂತ ಸಾಲು, ಹಿಪ್ಪುನೇರಳೆ ಸೊಪ್ಪಿನ ಹೊರೆ, ಡ್ರಿಪ್ ಪೈಪಿನಡಿಯ ಟೊಮೆಟೊ ಕೂಡ ಇರುವುದಿಲ್ಲ. ಬರ ಸುಳ್ಳಲ್ಲ. ಬರ ಬಿಟ್ಟರೆ ಆ ಊರಿನಲ್ಲಿ ಬೇರೇನೂ ಇಲ್ಲವೆಂಬುದು ಸುಳ್ಳು.

ಇದೇ ಸೀಮೆಯ ಹೊಲದಲ್ಲಿ ಆಫ್ರಿಕಾದ ಇನ್ನೊಂದು ರೂಪವಿದೆ. ರಾಗಿ ಮೊದಲು ಬೇಸಾಯಕ್ಕೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಇಂದಿನ ಇಥಿಯೋಪಿಯ, ಉಗಾಂಡ ಕಡೆ. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಬಂತು. ಅಲ್ಲಿ ಅಮ್ಹಾರಿಕ್ ಭಾಷೆಯಲ್ಲಿ ದಗುಸ, ಸ್ವಾಹಿಲಿಯಲ್ಲಿ ವಿಂಬಿ. ಇಲ್ಲಿ ಕನ್ನಡದ ಮನೆಯಲ್ಲಿ ಮುದ್ದೆ, ತೆಲುಗಿನ ಮನೆಯಲ್ಲಿ ಸಂಗಟಿ. ಸಂಬಂಧ ಅಷ್ಟಕ್ಕೇ ನಿಲ್ಲಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯ ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ಪಡೆದ ಬೀಜಗಳಿಗೆ 'ಇಂಡಾಫ್' ಎಂದು ಹೆಸರಾಯಿತು; ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲಿವೆ. ಇಂಡಾಫ್ ತಳಿಗಳು ಬಂದ ಮೇಲೆ ರಾಜ್ಯದ ರಾಗಿ ಇಳುವರಿ ಗಣನೀಯವಾಗಿ ಏರಿತು. ಇಂದು ಬಿತ್ತುವ ಜಿಪಿಯು-28ರ ವಂಶದಲ್ಲೂ ಇಂಡಾಫ್-5, ಇಂಡಾಫ್-9 ಇವೆ. ಕೈಚಾಚಿದ ಖಂಡವೆಂದು ಚಿತ್ರಿತವಾದ ನೆಲವೇ ಬಯಲುಸೀಮೆಯ ಕಣ ತುಂಬಿಸಿದೆ. ಪಠ್ಯದಲ್ಲಾಗಲಿ, ಟಿ.ವಿ.ಯಲ್ಲಾಗಲಿ ಈ ಸಂಗತಿಗೆ ಸಿಕ್ಕ ಜಾಗ ತೀರ ಕಡಿಮೆ.

ಆಫ್ರಿಕನ್ನರು ತಮ್ಮನ್ನು ತಾವೇ ತೋರಿಸಿಕೊಂಡ ಪರಂಪರೆಯೂ ಹಳೆಯದು. ಸೆನೆಗಲ್‌ನ ಉಸ್ಮಾನ್ ಸೆಂಬೆನ್ 1960ರ ದಶಕದಿಂದಲೇ ಸಿನಿಮಾ ಮಾಡಿದರು. ಬುರ್ಕಿನಾ ಫಾಸೊದ ರಾಜಧಾನಿ ಊಗಡೂಗುವಿನ ಫೆಸ್ಪಾಕೊ ಚಿತ್ರೋತ್ಸವ 1969ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು, 1948ರಲ್ಲಿ, ಮಾಲಿಯ ಬಮಾಕೊ ನಗರದಲ್ಲಿ ಸೇಡು ಕೇಟ ಫೋಟೊ ಸ್ಟುಡಿಯೊ ತೆರೆದಿದ್ದರು. ಹಾಸಿಗೆಯ ಹೊದಿಕೆಯನ್ನೇ ಹಿಂದೆ ಪರದೆಯಾಗಿ ಕಟ್ಟುತ್ತಿದ್ದರು. ಬಂದವರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಸ್ಟುಡಿಯೊದಲ್ಲೇ ಇರುತ್ತಿದ್ದ ಕೈಗಡಿಯಾರ, ಪೆನ್ನು, ರೇಡಿಯೊ ಎರವಲು ಪಡೆದು, ತಾವು ಹೇಗೆ ಕಾಣಬೇಕೆಂದು ತಾವೇ ತೀರ್ಮಾನಿಸಿ, ನೇರ ಕ್ಯಾಮೆರಾ ನೋಡುತ್ತ ಕೂರುತ್ತಿದ್ದರು.