ತುಕ್ಕಿನ ಮೇಲೆ ಡಾಂಬರು

ಹಳೆಯ ಕಾರನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರೆಂಬ ಉಪದೇಶ 2021ರ ಗುಜರಿ ನೀತಿಯ ನಂತರ ಹೆಚ್ಚಾಗಿದೆ. ಉಪದೇಶಿಸುವವರಿಗೆ ಕಾರು ಶೋಕಿಯ ವಸ್ತುವಾಗಿರಬಹುದು. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಒಯ್ಯುವ ಸಣ್ಣ ವ್ಯಾಪಾರಿಗೆ, ಗ್ರಾಚ್ಯುಯಿಟಿ ಹಣದಲ್ಲಿ ಹಳೆಯ ಓಮ್ನಿ ಕೊಂಡ ಗಿರಣಿ ಕೆಲಸಗಾರನಿಗೆ ಅದು ಹೊಟ್ಟೆಯ ಪ್ರಶ್ನೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದವರು ಈ ಮಾತನ್ನು ಯೋಚಿಸಿದಂತೆ ಕಾಣುವುದಿಲ್ಲ.

ಆದರೆ ಸರ್ಕಾರವನ್ನು ದೂರಿ ಸುಮ್ಮನಾದರೆ ಸಾಲದು. ಹಳೆಯ ಕಾರಿನ ನಿಜವಾದ ಶತ್ರು ಅದರ ತಳದಲ್ಲಿದೆ. ಮಳೆಗಾಲದಲ್ಲಿ ರಬ್ಬರ್ ಮ್ಯಾಟಿನ ಕೆಳಗೆ ನಿಂತ ನೀರು ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಕರಾವಳಿಯ ಉಪ್ಪುಗಾಳಿ ಅದಕ್ಕೆ ಇನ್ನಷ್ಟು ವೇಗ ಕೊಡುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿಗಾಗಲಿ, 2019ರಲ್ಲಿ ನಿಂತ ಓಮ್ನಿಗಾಗಲಿ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ತಳದ ತಗಡೂ ಬದಿಯ ಪಟ್ಟಿಗಳೂ ಸೇರಿಯೇ ಭಾರ ಹೊರಬೇಕು. ಕುಳಿತ ಸೀಟೂ ಕಟ್ಟಿಕೊಂಡ ಬೆಲ್ಟೂ ಅವನ್ನೇ ನಂಬಿಕೊಂಡಿವೆ.

ಹೀಗಿರುವಾಗ ತೂತಿನ ಮೇಲೆ ತಗಡಿನ ತುಂಡಿಟ್ಟು, ಡಾಂಬರು ಬಳಿದು, ಕಾರು ಮಾರುವವರು ಇದ್ದಾರೆ. ಇದು ರಿಪೇರಿಯಲ್ಲ, ಮೋಸ. ಡಾಂಬರಿನಡಿ ತೇವ ಉಳಿದು ತುಕ್ಕು ಬೆಳೆಯುತ್ತಲೇ ಇರುತ್ತದೆ. ಕೊಳ್ಳುವ ಮೊದಲು ಮ್ಯಾಟು ಎತ್ತಿ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ.

ಸರಿಯಾದ ಕೆಲಸಕ್ಕೆ ಕ್ರಮವಿದೆ. ಬ್ಯಾಟರಿ ಕಳಚಬೇಕು, ಸೀಟು, ಮ್ಯಾಟು ತೆಗೆಯಬೇಕು, ಪೆಟ್ರೋಲ್ ಪೈಪು, ಬ್ರೇಕ್ ಪೈಪುಗಳನ್ನು ಬೆಂಕಿಯಿಂದ ದೂರ ಸರಿಸಬೇಕು. ಬಾಗಿಲ ಸಂದು ಕದಲದಂತೆ ಕಾರಿಗೆ ಊರುಗೋಲು ಕೊಟ್ಟು, ಗಟ್ಟಿ ಲೋಹ ಸಿಗುವವರೆಗೂ ಕೊಳೆತದ್ದನ್ನು ಕತ್ತರಿಸಬೇಕು. ರಟ್ಟಿನಲ್ಲಿ ಅಚ್ಚು ತೆಗೆದು, ಅಷ್ಟೇ ದಪ್ಪದ ತಗಡು ಕೂರಿಸಿ, ಶಾಖಕ್ಕೆ ಸೊಟ್ಟಗಾಗದಂತೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸೆಯುತ್ತ ಪೂರೈಸಬೇಕು. ಆಮೇಲೆ ಪ್ರೈಮರು, ಸಂದಿಗೆ ಸೀಲರು. ಡಾಂಬರಿನ ಸರದಿ ಕೊನೆಗೆ.

ಇದು ಅರ್ಧ ದಿನದ ಕೆಲಸವಲ್ಲ. ಟಿಂಕರಿಂಗ್ ಕೆಲಸಗಾರನೊಡನೆ ಕೂಲಿಗೆ ಚೌಕಾಸಿ ಮಾಡುವವರು ತಮ್ಮ ಪ್ರಾಣದ ಬೆಲೆಯನ್ನೇ ಚೌಕಾಸಿ ಮಾಡುತ್ತಿದ್ದಾರೆ. ಸತು ಲೇಪಿಸಿದ ತಗಡನ್ನು ಹಾಗೆಯೇ ಬೆಸೆದರೆ ಏಳುವ ಹೊಗೆಯಿಂದ ಜ್ವರ ಬರುತ್ತದೆ. ಅಂಚಿನ ಸತುವನ್ನು ಉಜ್ಜಿ ತೆಗೆಯಲು ಸಮಯವನ್ನೂ, ಕಣ್ಣಿಗೆ ಮುಖವಾಡ, ಉಸಿರಿಗೆ ಗಾಳಿಯನ್ನೂ ಒದಗಿಸುವುದು ಗ್ಯಾರೇಜು ಮಾಲೀಕರ ಕರ್ತವ್ಯ.

ನಮ್ಮ ಒತ್ತಾಯ ಇಷ್ಟೇ. ತಪಾಸಣೆಯಲ್ಲಿ ಕಾರನ್ನು ಎತ್ತಿ ತಳವನ್ನು ಪರೀಕ್ಷಿಸಲಿ. ಕೊಳೆತದ್ದನ್ನು ನಿರ್ದಾಕ್ಷಿಣ್ಯವಾಗಿ ತಡೆಯಲಿ, ಗಟ್ಟಿಯಾದದ್ದನ್ನು ಹಳೆಯ ಶುಲ್ಕಕ್ಕೇ ಬಿಡಲಿ. ಬಡವನ ವಾಹನದ ಅರ್ಹತೆಯನ್ನು ತಗಡಿನ ಗಟ್ಟಿತನ ತೀರ್ಮಾನಿಸಲಿ, ಪಂಚಾಂಗವಲ್ಲ.