ತೋಟಕ್ಕೊಂದು ಲೆಕ್ಕ, ಹಾಡಿಗೊಂದು ಲೆಕ್ಕ: ಕೊಡಗಿನ ಜಾಗದ ಹಕ್ಕು ತೀರ್ಮಾನಿಸೋರು ಯಾರು?

2025ರ ಮೇ 5ರಂದು ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಜೇನುಕುರುಬ ಸಮುದಾಯದ ಐವತ್ತಕ್ಕೂ ಹೆಚ್ಚು ಕುಟುಂಬಗಳು ಬಂದು ಟಾರ್ಪಾಲು ಕಟ್ಟಿ ಕೂತವು. "ಇದು ನಮ್ಮ ಹಿರಿಯರು ಬದುಕಿದ ಜಾಗ, ಇಲ್ಲಿಂದ ನಮ್ಮನ್ನು ಎಬ್ಬಿಸಿದ್ದರು, ಈಗ ವಾಪಸ್ ಬಂದಿದ್ದೇವೆ" ಅನ್ನೋದು ಅವರ ವಾದ. "ಹಕ್ಕು ಮಂಜೂರಾಗಿಲ್ಲ, ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೀಗೆ ಬಂದು ಕೂರೋದು ಕಾನೂನುಬಾಹಿರ" ಅನ್ನೋದು ಅರಣ್ಯ ಇಲಾಖೆಯ ನಿಲುವು. ಇಲಾಖೆ ಮತ್ತು ಪೊಲೀಸ್ ಸಿಬ್ಬಂದಿ ಸ್ಥಳಕ್ಕೆ ಬಂದರು, ಮಾತಿನ ಚಕಮಕಿ ನಡೆಯಿತು, ಸುದ್ದಿ ದೇಶದಾದ್ಯಂತ ಹರಡಿತು.

ಒಂದು ವಾರ ಎಲ್ಲರೂ ಈ ಬಗ್ಗೆ ಮಾತಾಡಿದರು. ಆಮೇಲೆ ಜಿಲ್ಲೆಯ ಗಮನ ಮಳೆ, ಕಾಫಿ ರೇಟು, ಆನೆ ಹಾವಳಿ ಕಡೆ ಹೋಯಿತು. ಆದರೆ ಅಲ್ಲಿ ಎದ್ದ ಪ್ರಶ್ನೆ ಒಂದು ಹಾಡಿಯದ್ದಷ್ಟೇ ಅಲ್ಲ. ಕೊಡಗಿನಲ್ಲಿ ಯಾವ ಜಾಗ ಯಾರಿಗೆ ಸೇರಬೇಕು, ಅದನ್ನು ಯಾರು ಹೇಳಬೇಕು ಅನ್ನೋ ಹಳೇ ಪ್ರಶ್ನೆಯೇ ಅದು.

ಒಂದೇ ವರ್ಷ, ಎರಡು ಗಡುವು

2005ನೇ ಇಸವಿಯನ್ನು ಸ್ವಲ್ಪ ಗಮನಿಸಬೇಕು. ಜಿಲ್ಲೆಯ ಎರಡು ದೊಡ್ಡ ಭೂ ವಿವಾದಗಳಿಗೂ ಗಡುವು ಅದೇ ವರ್ಷದಲ್ಲಿದೆ.

ಮೊದಲನೆಯದು ತೋಟದ ಒತ್ತುವರಿ. ಸರ್ಕಾರಿ ಕಂದಾಯ ಜಾಗದಲ್ಲಿ ಕಾಫಿ, ಏಲಕ್ಕಿ, ಕಾಳುಮೆಣಸು, ರಬ್ಬರ್‌ನಂಥ ಬೆಳೆ ಮಾಡಿಕೊಂಡವರಿಗೆ ಆ ಜಾಗವನ್ನೇ ಗುತ್ತಿಗೆಗೆ ಕೊಡಲು ರಾಜ್ಯ ಸರ್ಕಾರ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿದೆ. 2005ರ ಜನವರಿ 1ಕ್ಕೆ ಮೊದಲಿನಿಂದ ಬೆಳೆ ಇರಬೇಕು. ಗರಿಷ್ಠ 25 ಎಕರೆ, 30 ವರ್ಷದ ಗುತ್ತಿಗೆ.

ಎರಡನೆಯದು ಅರಣ್ಯ ಹಕ್ಕು ಕಾಯ್ದೆ. ಸಂಸತ್ತು 2006ರಲ್ಲಿ ಪಾಸು ಮಾಡಿದ ಈ ಕಾಯ್ದೆಯ ಗಡುವು 2005ರ ಡಿಸೆಂಬರ್ 13. ಆ ದಿನಕ್ಕೆ ಮೊದಲು ಅರಣ್ಯ ಭೂಮಿಯಲ್ಲಿ ವಾಸ ಅಥವಾ ಸಾಗುವಳಿ ಮಾಡುತ್ತಿದ್ದ ಬುಡಕಟ್ಟು ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 10 ಎಕರೆಯ ತನಕ ಹಕ್ಕುಪತ್ರ ಸಿಗಬಹುದು. ಅದೂ ಆ ಹೊತ್ತಿಗೆ ಅನುಭೋಗದಲ್ಲಿ ಇದ್ದಷ್ಟು ಜಾಗಕ್ಕೆ ಮಾತ್ರ.

ಎರಡೂ ಒಂದೇ ಥರದ ಕಾನೂನಲ್ಲ, ನಿಜ. ಒಂದು ಕಂದಾಯ ಜಾಗಕ್ಕೆ, ಇನ್ನೊಂದು ಅರಣ್ಯ ಜಾಗಕ್ಕೆ. ಗುತ್ತಿಗೆಗೆ ಹಣ ಕಟ್ಟಬೇಕು, ಅವಧಿ ಮುಗಿಯುತ್ತದೆ. ಅರಣ್ಯ ಹಕ್ಕು ಮಕ್ಕಳಿಗೆ ಬರುತ್ತದೆ, ಆದರೆ ಮಾರುವ ಹಾಗಿಲ್ಲ. ಸಣ್ಣ ಬೆಳೆಗಾರರಿಗೆ ಗುತ್ತಿಗೆ ನಿಜಕ್ಕೂ ಆಸರೆ ಆಗಬಹುದು ಅನ್ನೋದನ್ನೂ ತಳ್ಳಿಹಾಕೋ ಹಾಗಿಲ್ಲ.

ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಗುತ್ತಿಗೆ ಕಾನೂನು ಒತ್ತುವರಿಯನ್ನು ಒತ್ತುವರಿ ಎಂದು ಒಪ್ಪಿಕೊಂಡೇ ಸಕ್ರಮದ ದಾರಿ ತೋರಿಸುತ್ತದೆ. ಅರಣ್ಯ ಹಕ್ಕು ಕಾಯ್ದೆಯಾದರೋ "ಈ ಜನರಿಗೆ ಚಾರಿತ್ರಿಕ ಅನ್ಯಾಯ ಆಗಿದೆ" ಎಂದು ಪೀಠಿಕೆಯಲ್ಲೇ ಹೇಳುತ್ತದೆ. ಹಾಗಿದ್ದೂ ಒತ್ತುವರಿದಾರ ಅನ್ನೋ ಮಾತು ಹಾಡಿಯವರಿಗೇ ಬೇಗ ಅಂಟುತ್ತದೆ. ಜಿಲ್ಲೆಯ ಆದಿವಾಸಿ ಮತ್ತು ದಲಿತ ಸಂಘಟನೆಗಳು ಗುತ್ತಿಗೆ ಯೋಜನೆಯನ್ನು ವಿರೋಧಿಸಿದ್ದು ಇದೇ ಕಾರಣಕ್ಕೆ. ಲೈನ್ ಮನೆಯಲ್ಲಿ ತಲೆಮಾರು ಕಳೆದವರಿಗೆ ಮನೆ ನಿವೇಶನಕ್ಕೆ ಪೈಸಾರಿ ಜಾಗ ಇಲ್ಲ ಅಂತಾರೆ, ತೋಟಕ್ಕೆ 25 ಎಕರೆ ಎಲ್ಲಿಂದ ಬರುತ್ತೆ ಅನ್ನೋದು ಅವರ ಪ್ರಶ್ನೆ.

ದಿಡ್ಡಳ್ಳಿ ಕಲಿಸಿದ್ದು

ಲೈನ್ ಮನೆ ಅಂದ ತಕ್ಷಣ ದಿಡ್ಡಳ್ಳಿ ನೆನಪಾಗಬೇಕು. 2016ರ ಡಿಸೆಂಬರ್ 7ರಂದು ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ 500ಕ್ಕೂ ಹೆಚ್ಚು ಗುಡಿಸಲುಗಳನ್ನು ನೆಲಸಮ ಮಾಡಿತು. ಅಲ್ಲಿದ್ದವರು ಹೆಚ್ಚಿನವರು ಜೇನುಕುರುಬರು, ಯರವರು. ಅದರಲ್ಲಿ ಬಹಳಷ್ಟು ಜನ ತೋಟದ ಲೈನ್ ಮನೆ ಬಿಟ್ಟು ಬಂದವರು. ದೇವಮಚ್ಚಿ ಮೀಸಲು ಅರಣ್ಯದ ಜಾಗ ಎಂದು ಇಲಾಖೆ ಹೇಳಿತು. ಅದು ಪೈಸಾರಿ ಎಂದು ಹೋರಾಟಗಾರರು ಹೇಳಿದರು. ಚಳಿಯಲ್ಲಿ ಬಯಲಿಗೆ ಬಿದ್ದವರ ಹೋರಾಟ ಮಡಿಕೇರಿ ದಾಟಿ ಬೆಂಗಳೂರು ತಲುಪಿತು. ಕೊನೆಗೆ ಆಗಿನ ಸೋಮವಾರಪೇಟೆ ತಾಲ್ಲೂಕಿನ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಪುನರ್ವಸತಿ ಕಲ್ಪಿಸಲಾಯಿತು.

ದಿಡ್ಡಳ್ಳಿಗೂ ಅತ್ತೂರುಕೊಲ್ಲಿಗೂ ವ್ಯತ್ಯಾಸ ಇದೆ. ದಿಡ್ಡಳ್ಳಿಯವರು ಮುಖ್ಯವಾಗಿ ಕೇಳಿದ್ದು ಇರೋಕೆ ಒಂದು ಸೂರು. ಅತ್ತೂರುಕೊಲ್ಲಿಯವರು ಕೇಳುತ್ತಿರೋದು ಅದೇ ಜಾಗ, ಅದೇ ಕಾಡು. ಬೇರೆ ಕಡೆ ಮನೆ ಕಟ್ಟಿಕೊಟ್ಟರೆ ಮೊದಲನೆಯದಕ್ಕೆ ಒಂದು ಮಟ್ಟಿಗೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಸಿಗೋದಿಲ್ಲ.

ಎಬ್ಬಿಸಿದವರ ಹಕ್ಕು ಎಲ್ಲಿಗೆ ಹೋಯಿತು?

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. 1988ರಲ್ಲಿ ರಾಷ್ಟ್ರೀಯ ಉದ್ಯಾನ. 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಈ ಹಾದಿಯಲ್ಲಿ ಕಾಡಿನೊಳಗಿದ್ದ ಸಾವಿರಾರು ಕುಟುಂಬಗಳು ಹೊರಗೆ ಬಂದವು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರ ತನ್ನ ವರದಿಯಲ್ಲಿ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಎಂದು ಗುರುತಿಸಿತ್ತು. ಹೊರಬಂದವರಲ್ಲಿ ಎಷ್ಟೋ ಜನ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. ಕಾಡು ಬಿಟ್ಟವರು ಸಾಹುಕಾರರ ಲೆಕ್ಕದ ಪುಸ್ತಕದಲ್ಲಿ ಆಳಾದರು.

ಅದೇ ಕಾಡಿನೊಳಗೆ 1990ರ ದಶಕದಲ್ಲಿ ತಾಜ್ ಸಮೂಹಕ್ಕೆ ರೆಸಾರ್ಟ್ ಮಾಡಲು ಗುತ್ತಿಗೆ ಕೊಟ್ಟಿದ್ದೂ ಜಿಲ್ಲೆಯ ಹಿರಿಯರಿಗೆ ನೆನಪಿದೆ. ಆದಿವಾಸಿಗಳು ಬೀದಿಗಿಳಿದರು. ಅರಣ್ಯ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ ಎಂದು 1997ರಲ್ಲಿ ಹೈಕೋರ್ಟ್ ಅದಕ್ಕೆ ತಡೆ ಹಾಕಿತು. ಹುಲಿಗೆ ಜನ ತೊಂದರೆ, ರೆಸಾರ್ಟ್ ತೊಂದರೆಯಲ್ಲ ಅನ್ನೋ ಲೆಕ್ಕವನ್ನು ಹಾಡಿಯವರು ಅಂದಿನಿಂದಲೂ ನಂಬಿಲ್ಲ.

ಈಗ ಕಾನೂನಿನ ವಿಷಯ. ಹಕ್ಕು ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಂ. ಆದರೆ ಅದು ಅನುಭೋಗದಲ್ಲಿ ಇರುವ ಜಾಗಕ್ಕೆ ಅನ್ವಯ. ಅತ್ತೂರುಕೊಲ್ಲಿಯವರು ಮೊದಲೇ ಹೊರಗಿದ್ದವರು, ಹಾಗಾಗಿ ಇದು ಅನ್ವಯವಾಗದು ಅನ್ನೋ ವಾದಕ್ಕೆ ಜಾಗ ಇದೆ. ಆದರೆ ಅದೇ ಕಾಯ್ದೆಯ 3(1)(ಎಂ) ಕಲಂ ಇನ್ನೊಂದು ಬಾಗಿಲು ತೆರೆಯುತ್ತದೆ. 2005ರ ಡಿಸೆಂಬರ್ 13ಕ್ಕೆ ಮೊದಲು, ಪುನರ್ವಸತಿಯ ಹಕ್ಕು ಕೊಡದೆ ಅಕ್ರಮವಾಗಿ ಎಬ್ಬಿಸಲಾದವರಿಗೆ ಅದೇ ಸ್ಥಳದಲ್ಲಿ ಅಥವಾ ಪರ್ಯಾಯ ಜಾಗದಲ್ಲಿ ಪುನರ್ವಸತಿಯ ಹಕ್ಕು ಇದೆ. ಹಾಗಾಗಿ "ನೀವು ಈಗ ಅಲ್ಲಿ ಇರಲಿಲ್ಲ" ಅನ್ನೋದು ಉತ್ತರ ಆಗೋದಿಲ್ಲ. ಯಾಕೆ ಇರಲಿಲ್ಲ, ಹೇಗೆ ಹೊರಗೆ ಹೋದರು, ಹೋಗುವಾಗ ಏನು ಕೊಟ್ಟರು ಎಂದು ಕೇಳಬೇಕು. ಪರಿಶೀಲನೆ ನಡೆಯಬೇಕಾದದ್ದು ಈ ಮೂರು ಪ್ರಶ್ನೆಗಳ ಮೇಲೆ.

ಸಾಕ್ಷಿ ವಿಷಯದಲ್ಲೂ ಇದೇ ಕಥೆ. ಉಪಗ್ರಹ ಚಿತ್ರದಲ್ಲಿ ಮನೆ ಕಾಣೋದಿಲ್ಲ ಅನ್ನೋ ಮಾತು ಇಂಥ ಅರ್ಜಿಗಳಲ್ಲಿ ಬಹಳ ಕಡೆ ಬರುತ್ತದೆ. 2012ರ ತಿದ್ದುಪಡಿ ನಿಯಮದ ಪ್ರಕಾರ ಉಪಗ್ರಹ ಚಿತ್ರ ಇತರ ಸಾಕ್ಷಿಗೆ ಪೂರಕ ಮಾತ್ರ, ಅದರ ಬದಲಿಗೆ ಬಳಸುವ ಹಾಗಿಲ್ಲ. ಹಿರಿಯರ ಹೇಳಿಕೆ, ಸಮಾಧಿ, ದೇವರ ನೆಲೆ, ಹಳೇ ಬಾವಿ ಇವೆಲ್ಲ ಸಾಕ್ಷಿಯೇ. ಮರದ ನೆರಳಿನ ಹುಲ್ಲು ಗುಡಿಸಲು ಆಕಾಶದಿಂದ ಕಾಣದಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಸಮಿತಿಯಲ್ಲಿ ಕೂರೋರು ಯಾರು?

ಈ ಇಡೀ ಗಲಾಟೆಯಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ವಿಷಯ ಇದೆ.

ಕಾಯ್ದೆ ಪ್ರಕಾರ ಕೆಲಸ ಶುರುವಾಗೋದು ಗ್ರಾಮಸಭೆಯಿಂದ. ಕಾಡೊಳಗಿನ ಹಳೇ ವಾಸನೆಲೆಯನ್ನೂ ಕಾಯ್ದೆ "ಗ್ರಾಮ" ಎಂದೇ ಒಪ್ಪುತ್ತದೆ. ಗ್ರಾಮಸಭೆ ಅರಣ್ಯ ಹಕ್ಕು ಸಮಿತಿ ಮಾಡಿಕೊಂಡು ಅರ್ಜಿ ತೆಗೆದುಕೊಳ್ಳುತ್ತದೆ, ಸ್ಥಳ ಪರಿಶೀಲಿಸಿ ನಿರ್ಣಯ ಮಾಡುತ್ತದೆ. ಅದು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ.

ಈ ಎರಡು ಸಮಿತಿಗಳಲ್ಲಿ ಅಧಿಕಾರಿಗಳಷ್ಟೇ ಇರಬೇಕು ಎಂದು ನಿಯಮ ಹೇಳಿಲ್ಲ. ಉಪವಿಭಾಗ ಸಮಿತಿಯಲ್ಲಿ ತಾಲ್ಲೂಕು ಮಟ್ಟದ ಪಂಚಾಯಿತಿಯ ಮೂವರು, ಜಿಲ್ಲಾ ಸಮಿತಿಯಲ್ಲಿ ಜಿಲ್ಲಾ ಪಂಚಾಯಿತಿಯ ಮೂವರು ಚುನಾಯಿತ ಸದಸ್ಯರು ಇರಬೇಕು. ಅವರನ್ನು ಹೆಸರಿಸಬೇಕಾದದ್ದು ಜಿಲ್ಲಾ ಪಂಚಾಯಿತಿ. ಬುಡಕಟ್ಟಿನವರಿಗೆ ಆದ್ಯತೆಯೂ ಇದೆ.

ಆದರೆ ಕರ್ನಾಟಕದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಚುನಾಯಿತ ಸಂಸ್ಥೆಯೇ ಇಲ್ಲದಿದ್ದರೆ ಆ ಸಂಸ್ಥೆಯ ಸದಸ್ಯರು ಸಮಿತಿಗೆ ಬರೋದು ಎಲ್ಲಿಂದ? ಅರ್ಜಿ ಹಾಕಿದವನ ಎದುರು ಮೇಜಿನ ಆ ಬದಿಯಲ್ಲಿ ಕೂತವರಲ್ಲಿ ಮತ ಕೇಳಲು ವಾಪಸ್ ಬರಬೇಕಾದವರು ಒಬ್ಬರೂ ಇಲ್ಲ ಎಂದಾದರೆ, ತೀರ್ಮಾನದ ತೂಕ ತಾನಾಗಿಯೇ ಇಲಾಖೆ ಕಡೆ ವಾಲುತ್ತದೆ. ಪಂಚಾಯಿತಿ ಚುನಾವಣೆ ಅಂದರೆ ರಸ್ತೆ, ಚರಂಡಿ ಅಂದುಕೊಂಡವರಿಗೆ ಇದು ಹೊಳೆಯೋದಿಲ್ಲ. ಹಾಡಿಯವರಿಗೆ ಅದು ಜಾಗದ ಪ್ರಶ್ನೆ.

ಇನ್ನೊಂದು ವಿಷಯವನ್ನೂ ಸೇರಿಸಬೇಕು. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳು ಇಲ್ಲ. ಹಾಗಾಗಿ ಬುಡಕಟ್ಟು ಗ್ರಾಮಸಭೆಗೆ ಬಲ ಕೊಡುವ 1996ರ ಪೆಸಾ ಕಾಯ್ದೆ ಇಲ್ಲಿಗೆ ಬರೋದಿಲ್ಲ. ಹಾಡಿಯ ಗ್ರಾಮಸಭೆಗೆ ಉಳಿದ ಮುಖ್ಯ ಆಸರೆ ಅರಣ್ಯ ಹಕ್ಕು ಕಾಯ್ದೆಯೇ.

ಕಾಡು ಉಳಿಯೋದು ಯಾರಿಂದ?

ಇನ್ನೊಂದು ಕಡೆಯ ಆತಂಕವೂ ಸುಳ್ಳಲ್ಲ. ಮಾಲ್ದಾರೆ, ಸಿದ್ದಾಪುರ, ತಿತಿಮತಿ ಸುತ್ತಮುತ್ತ ಬದುಕುವವರಿಗೆ ಆನೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಡೊಳಗೆ ಮನೆ, ರಸ್ತೆ, ಕರೆಂಟು ಹೆಚ್ಚಿದರೆ ಪ್ರಾಣಿ ಇನ್ನಷ್ಟು ಹೊರಗೆ ಬರುತ್ತೆ ಅನ್ನೋ ಭಯ ತೋಟದವರಿಗೂ ಕಾರ್ಮಿಕರಿಗೂ ಇದೆ. ಒಂದು ಕಡೆ ಒಪ್ಪಿದರೆ ಎಲ್ಲರೂ ಬಂದು ಕೂರುತ್ತಾರೆ ಅನ್ನೋದು ಇಲಾಖೆಯ ಆತಂಕ. ಕಾಡಂಚಿನ ಹಾಡಿಗಳಲ್ಲೇ ಶಾಲೆ, ಆಸ್ಪತ್ರೆ ದೂರ ಅನ್ನೋ ಕಾರಣಕ್ಕೆ ಸ್ವಇಚ್ಛೆಯಿಂದ ಹೊರಗೆ ಬರಲು ಒಪ್ಪಿದ ಕುಟುಂಬಗಳೂ ಇವೆ. ಅವರಿಗೆ 15 ಲಕ್ಷ ರೂಪಾಯಿಯ ಪ್ಯಾಕೇಜ್ ಇದೆ.

ಆದರೆ ಸ್ವಇಚ್ಛೆ ಅನ್ನೋ ಪದಕ್ಕೆ ಅರ್ಥ ಬರಬೇಕಾದರೆ ಮೊದಲು ಹಕ್ಕು ಗುರುತಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿಸಿದ ಹುಲಿ ಸಂರಕ್ಷಿತ ಪ್ರದೇಶದ ನಿಯಮಗಳೂ ಹೇಳೋದು ಅದನ್ನೇ. ಹೀಗಿರುವಾಗ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2024ರ ಜೂನ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಪ್ರದೇಶಗಳ ಒಳಗಿನ 591 ಗ್ರಾಮಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂದಿತು. ಹಕ್ಕಿಗಿಂತ ಮೊದಲು ಸ್ಥಳಾಂತರ ಅನ್ನೋ ಅನುಮಾನ ಬರಲು ಇನ್ನೇನು ಬೇಕು?

ಚಾಮರಾಜನಗರದಲ್ಲಿ ಬೇರೆ ದಾರಿ ಹಿಡಿದರು. ಬಿಳಿಗಿರಿರಂಗನ ಬೆಟ್ಟದ ಹುಲಿ ಪ್ರದೇಶದೊಳಗೆ ಸೋಲಿಗರ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಕೊಟ್ಟರು. ಅಲ್ಲಿ ಹುಲಿಯೂ ಇದೆ, ಸೋಲಿಗರೂ ಇದ್ದಾರೆ.

ಅಷ್ಟು ದೂರ ಹೋಗೋದೂ ಬೇಡ. ಕೊಡಗಿನದ್ದೇ ದೇವರಕಾಡು ನೋಡಬಹುದು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರ ಸುಮಾರಿಗೆ ಇವುಗಳ ಉಸ್ತುವಾರಿ ಕಂದಾಯ ಇಲಾಖೆಗೆ ಹೋಯಿತು. ಆಗ 6,000 ಹೆಕ್ಟೇರ್‌ಗೂ ಹೆಚ್ಚಿದ್ದ ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರ್‌ಗೆ ಇಳಿದಿತ್ತು. ಆ ಜಾಗ ನುಂಗಿದ್ದು ಹೆಚ್ಚಾಗಿ ತೋಟ ಮತ್ತು ಒತ್ತುವರಿ. ಇವತ್ತಿಗೂ ಉಳಿದಿರೋದು ಊರಿನವರು ದೇವರು ಎಂದು ಹಿಡಿದು ನಿಂತ ಕಡೆ. ಕಾಗದ ಯಾವ ಇಲಾಖೆಯಲ್ಲಿದೆ ಅನ್ನೋದಕ್ಕಿಂತ ಜಾಗಕ್ಕೆ ಸೇರಿದ ಜನ ಕಾವಲಿದ್ದಾರಾ ಅನ್ನೋದು ಮುಖ್ಯ ಎಂದು ಕೊಡಗಿನವರಿಗೆ ಕೊಡಗೇ ತೋರಿಸಿಕೊಟ್ಟಿದೆ.

ಮುಂದೇನು?

ತಕ್ಷಣ ಆಗಬಹುದಾದ ಕೆಲಸಗಳು ದೊಡ್ಡವೇನಲ್ಲ. ತಿರಸ್ಕೃತವಾದ ಪ್ರತಿ ಅರ್ಜಿಗೂ ಕಾರಣವನ್ನು ಲಿಖಿತವಾಗಿ ಅರ್ಜಿದಾರರ ಕೈಗೇ ಕೊಡಬೇಕು, ಇದು ನಿಯಮದಲ್ಲೇ ಇದೆ. ಕೈಗೆ ಬಂದ ಮೇಲೆ ಮೇಲ್ಮನವಿಗೆ 60 ದಿನದ ಅವಕಾಶ ಇದೆ. ಗ್ರಾಮಸಭೆಯ ನಿರ್ಣಯ ಅಪೂರ್ಣ ಅನಿಸಿದರೆ ಸಮಿತಿ ಅದನ್ನು ತಳ್ಳಿಹಾಕುವ ಬದಲು ಗ್ರಾಮಸಭೆಗೇ ವಾಪಸ್ ಕಳಿಸಬೇಕು. ಇದೂ ನಿಯಮವೇ. ಇದರ ಜೊತೆಗೆ, ಪೈಸಾರಿ ಜಾಗವನ್ನು ತೋಟಕ್ಕೆ ಗುತ್ತಿಗೆ ಕೊಡುವ ಮೊದಲು ಅದೇ ಹೋಬಳಿಯಲ್ಲಿ ನಿವೇಶನಕ್ಕೆ ಕಾದಿರುವ ಲೈನ್ ಮನೆಯವರ ಪಟ್ಟಿಯನ್ನೂ ಮೇಜಿನ ಮೇಲೆ ಇಡಬೇಕು.

ಕೊಡಗಿನಲ್ಲಿ ಜಾಗ ಅಂದರೆ ಬರೀ ಆಸ್ತಿ ಅಲ್ಲ. ಜಮ್ಮಾ ಬಾಣೆ ದಾಖಲೆ ಸರಿಯಾಗಲಿ ಎಂದು ಇಲ್ಲಿನ ಒಕ್ಕಗಳು ದಶಕಗಳಿಂದ ಕಚೇರಿ ಅಲೆದಿದ್ದಾವೆ. "ಇದು ನಮ್ಮ ಹಿರಿಯರ ಜಾಗ" ಅನ್ನೋ ಮಾತಿನ ಭಾರ ಆ ಮನೆಗಳಿಗೆ ಗೊತ್ತು. ಅತ್ತೂರುಕೊಲ್ಲಿಯವರು ಹೇಳ್ತಿರೋದೂ ಅದೇ ಮಾತು. ವ್ಯತ್ಯಾಸ ಇಷ್ಟೇ: ಒಬ್ಬರ ಕೈಯಲ್ಲಿ ತಪ್ಪಾದ ಪಹಣಿ ಇದೆ, ಇನ್ನೊಬ್ಬರ ಕೈಯಲ್ಲಿ ಪಹಣಿಯೇ ಇಲ್ಲ.