ಆಡುವವರೇ ಆಟವನ್ನು ತಿದ್ದಬಹುದೆ?

ಸೇನೆ ಕಟ್ಟಿ, ಕೋಟೆ ಕಾಯ್ದು, ಯುಕ್ತಿಯಿಂದ ಎದುರಾಳಿಯನ್ನು ಗೆಲ್ಲುವ ಕಂಪ್ಯೂಟರ್ ಆಟಗಳು ಈಗ ಅನೇಕ ಗೃಹಗಳನ್ನು ಪ್ರವೇಶಿಸಿವೆ. ಇಂತಹ ಆಟದ ನಕ್ಷೆ, ಪಾತ್ರ, ನಿಯಮಗಳನ್ನು ಆಡುವವರೇ ತಮ್ಮ ಇಚ್ಛೆಯಂತೆ ಮಾರ್ಪಡಿಸಿದರೆ ಅದಕ್ಕೆ ‘ಮಾಡ್’ ಎಂದು ಹೆಸರು. ತಯಾರಕರು ಇದಕ್ಕೆ ಅವಕಾಶವೀಯಬೇಕೆ, ಬೇಡವೆ? ಮಕ್ಕಳ ಕೈಗೆ ಆಟವನ್ನು ಕೊಡುವ ಗೃಹಸ್ಥರೂ ಯೋಚಿಸತಕ್ಕ ವಿಷಯವಿದು.

ಬೇಡವೆನ್ನುವವರ ವಾದವು ನಿರಾಧಾರವಾದುದಲ್ಲ. ತಯಾರಕರು ಆಟವನ್ನು ಪರಿಷ್ಕರಿಸಿದಾಗ ಹಳೆಯ ಮಾರ್ಪಾಡುಗಳು ಕೆಡುವುದುಂಟು. ಅನ್ಯರು ಮಾಡಿದ ದೋಷಕ್ಕೆ ತಯಾರಕರು ನಿಂದೆಗೆ ಗುರಿಯಾಗುವುದೂ ಉಂಟು. ಇಬ್ಬರು ಸೆಣಸುವಾಗ ಒಬ್ಬನು ಗುಟ್ಟಾಗಿ ನಿಯಮವನ್ನು ತಿದ್ದಿಕೊಂಡರೆ ಅದು ಆಟವಲ್ಲ, ಮೋಸ.

ಆದರೂ ಒಂದು ನಿದರ್ಶನವನ್ನು ನೋಡೋಣ. 2002ರಲ್ಲಿ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯು ‘ವಾರ್‌ಕ್ರಾಫ್ಟ್ 3’ ಎಂಬ ಆಟವನ್ನು ಹೊರತಂದು, ಹೊಸ ನಕ್ಷೆಗಳನ್ನು ರಚಿಸುವ ಸಾಧನವನ್ನೂ ಅದರೊಡನೆಯೇ ಕೊಟ್ಟಿತು. ಮರುವರ್ಷವೇ ಆಟಗಾರನೊಬ್ಬನು ಆ ಸಾಧನದಿಂದ ‘ಡಿಫೆನ್ಸ್ ಆಫ್ ದಿ ಏನ್ಷಿಯಂಟ್ಸ್’ ಎಂಬುದನ್ನು ನಿರ್ಮಿಸಿದನು. ಇದರಲ್ಲಿ ಆಡುವವನು ಇಡೀ ಸೇನೆಯನ್ನಲ್ಲ, ಒಬ್ಬ ವೀರನನ್ನು ನಡೆಸುವನು. ಐವರಿಗೆ ಐವರು ಎದುರು ನಿಲ್ಲುವರು. ಬಳಿಕ ಬಂದವರು ಅದನ್ನು ತಿದ್ದಿ ಬೆಳೆಸಿದರು. 2013ರಲ್ಲಿ ವಾಲ್ವ್ ಎಂಬ ಬೇರೊಂದು ಸಂಸ್ಥೆಯು ಅದರ ಮುಂದುವರಿಕೆಯಾಗಿ ‘ಡೋಟಾ 2’ ಎಂಬ ಸ್ವತಂತ್ರ ಆಟವನ್ನೇ ಪ್ರಕಟಿಸಿತು. ಹವ್ಯಾಸಿಗಳ ಕೈಕೆಲಸದಿಂದ ಹೊಸದೊಂದು ಜಾತಿಯ ಆಟವು ಬೆಳೆದು ನಿಂತಿತು.

ಇಲ್ಲಿಯೇ ಕಷ್ಟವೂ ಹುಟ್ಟಿತು. 2020ರಲ್ಲಿ ಹಳೆಯ ಆಟವನ್ನು ‘ರೀಫೋರ್ಜ್ಡ್’ ಎಂದು ನವೀಕರಿಸಿದಾಗ, ಆಟಗಾರರು ಅದರಲ್ಲಿ ರಚಿಸುವುದೆಲ್ಲವೂ ತನ್ನ ಸ್ವತ್ತೆಂದು ಬ್ಲಿಝಾರ್ಡ್ ವಿಧಿಸಿತು. ಹೊಲವನ್ನು ವಾರಕ್ಕೆ ಕೊಟ್ಟವನು ಬೆಳೆಯೆಲ್ಲವೂ ತನ್ನದೆಂದರೆ ಉಳುವವನಿಗೆ ಉತ್ಸಾಹವೆಲ್ಲಿಯದು? ಹೊಲದೊಡೆಯನಿಗೆ ಪಾಲೇ ಇಲ್ಲವೆನ್ನುವುದೂ ನ್ಯಾಯವಲ್ಲ.

ಆದಕಾರಣ ಅವಕಾಶವೀಯುವುದೇ ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಮೂರು ಕಟ್ಟುಗಳಿರಬೇಕು. ಮಾರ್ಪಾಡನ್ನು ತೆಗೆದೊಡನೆ ಮೂಲದ ಆಟವು ಕೆಡದೆ ಉಳಿಯತಕ್ಕದ್ದು. ಪಂದ್ಯದಲ್ಲಿ ಎಲ್ಲರೂ ಒಂದೇ ನಿಯಮಕ್ಕೆ ಒಳಪಡತಕ್ಕದ್ದು. ರಚಿಸಿದವನ ಹಕ್ಕೆಷ್ಟು, ಸಂಸ್ಥೆಯ ಹಕ್ಕೆಷ್ಟು ಎಂಬುದನ್ನು ಮೊದಲೇ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಗುರುತಿಲ್ಲದ ಎಡೆಯಿಂದ ತಂದ ಮಾರ್ಪಾಡು ಯಂತ್ರಕ್ಕೇ ಕೇಡು ತರಬಹುದಾದುದರಿಂದ ಹಿರಿಯರು ಎಚ್ಚರದಿಂದಿರಬೇಕು. ಆದರೆ ಮನೆಯ ಹುಡುಗನು ಆಟವನ್ನು ತಿದ್ದುತ್ತ ಕುಳಿತುದನ್ನು ಕಂಡ ಮಾತ್ರಕ್ಕೆ ಗದರಿಸಬೇಡಿರಿ. “ಏನನ್ನು ತಿದ್ದಿದೆಯಪ್ಪಾ? ಏಕೆ ತಿದ್ದಿದೆ?” ಎಂದು ಕೇಳಿ ನೋಡಿರಿ. ಆಡುವವನು ಗೆಲ್ಲುವುದನ್ನು ಕಲಿತಾನು. ತಿದ್ದುವವನು ನಿಯಮಗಳು ಏತಕ್ಕಾಗಿ ಇರುವುವೆಂಬುದನ್ನೂ ಕಲಿತಾನು.